ಒಂಬತ್ತು ನಂಬರಿನ ಗಂಬೂಟು

ಹೊಸ ರಬ್ಬರಿನ ವಾಸನೆ ನನಗೆ ಆಗುವುದಿಲ್ಲ. ಕಳೆದ ತಿಂಗಳು ನಲ್ಲಿಗೆ ವಾಷರ್ ತರಲೆಂದು ಗಂಡನ ಜೊತೆ ಇಲ್ಲೇ ಸುವಾನಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಬಾಗಿಲ ಬಳಿಯೇ ಗಂಬೂಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಪ್ಪು, ಹಸಿರು, ಮಕ್ಕಳಿಗೆ ಹಳದಿ. ಆ ವಾಸನೆ ಮೂಗಿಗೆ ಹೊಡೆದದ್ದೇ ತಿರುಗಿ ಬಂದು ಕಾರಿನಲ್ಲಿ ಕೂತೆ. "ಎಂತ ಆಯ್ತು ನಿನಗೆ?" ಎಂದು ಅವರು ಕೇಳಿದರು. ತಲೆನೋವು ಎಂದೆ. ಅದೇ ಕಾರಿನ ಡಿಕ್ಕಿಯಲ್ಲಿ, ಹಳೆಯ ಬೆಡ್‌ಶೀಟಿನ ಕೆಳಗೆ, ಒಂದು ಜೊತೆ ಗಂಬೂಟು ಅಂಗಡಿಯ ಚೀಟಿ ಸಮೇತ ಬಿದ್ದಿತ್ತು. ಅದನ್ನು ಕೊಂಡದ್ದು ನಾನೇ.

ಅದೇ ವಾರ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ರೋಹಿಣಿ ಫೋನ್ ಮಾಡಿದರು. "ವಾರಿಜಾ ಆಂಟಿ, ಈ ಸಲ ಸೊವನೀರ್‌ಗೆ ನಿಮ್ಮ ಸಾರಿನ ಪುಡಿ ರೆಸಿಪಿ ಬರ್ಕೊಡಿ, ಪ್ಲೀಸ್. ಒಂದೇ ಪೇಜು. ಎಲ್ರೂ ಕೇಳ್ತಿದಾರೆ." ಆಗಲಿ ಎಂದೆ. ಕಾಗದ ಹಿಡಿದು ಕೂತರೆ, ಕೊತ್ತಂಬರಿ ಎಷ್ಟು, ಮೆಣಸು ಎಷ್ಟು ಎಂದು ಬರೆಯಲು ಕೈ ಏಳಲಿಲ್ಲ. ನನ್ನ ಬಳಿ ಬೇರೊಂದು ಪಟ್ಟಿ ಇದೆ. ಅದನ್ನು ಓದಿ ಹೇಳದೆ ಸಾರಿನ ಪುಡಿಯ ಮಾತು ಆಡಲಾರೆ. ನಾನು ಕಲಿತದ್ದು ಏಳನೆಯ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಮಾತನ್ನು ಮಾತ್ರ ತಿದ್ದಬೇಡಿ.

ಪಟ್ಟಿ ಬರೆಯುವುದು ನಮ್ಮ ಮನೆಯ ಕಸುಬು. ಅಪ್ಪ ಕಾರ್ಕಳದ ಕಡೆ ಮದುವೆ, ಉಪನಯನಗಳಿಗೆ ಅಡಿಗೆ ಮಾಡುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯ ಮನೆಯವರು ಬಂದು ಜಗಲಿಯಲ್ಲಿ ಕೂತರೆ ಅಪ್ಪ "ಎಷ್ಟು ಎಲೆ?" ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋಗುವರು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಕುಂಬಳಕಾಯಿ, ಸೌದೆ. ನಾನು ಬರೆದುಕೊಳ್ಳುತ್ತಿದ್ದೆ. ಆ ಪಟ್ಟಿಗೆ ಎದುರಾಡುವವರಿರಲಿಲ್ಲ. ಪಟ್ಟಿಯಲ್ಲಿ ಬೆಲ್ಲ ಎಂದಿದ್ದರೆ ಬೆಲ್ಲವೇ ಬರಬೇಕು. ಒಮ್ಮೆ ಒಬ್ಬ ವಕೀಲರು ಮನೆಯಲ್ಲಿ ಮಿಕ್ಕಿದ ಸಕ್ಕರೆ ತಂದಿಟ್ಟು "ಇದರಲ್ಲೇ ಸುಧಾರಿಸಿ" ಎಂದಾಗ ಅಪ್ಪ ಒಲೆಯನ್ನೇ ಹಚ್ಚಲಿಲ್ಲ. "ನಿಮ್ಮಲ್ಲಿ ಮಿಕ್ಕಿದ್ದು ಬೇಡ, ನನಗೆ ಬೇಕಾದ್ದು ತನ್ನಿ" ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ಪಟ್ಟಿಯ ಕೊನೆಯ ಸಾಲು ಯಾವಾಗಲೂ ಒಂದೇ: ಅಡಿಗೆಯವರಿಗೆ ಎಲೆ ಅಡಿಕೆ. ಊರಿಗೆಲ್ಲ ಬೇಕಾದದ್ದು ಮೊದಲು, ತನಗೆ ಬೇಕಾದದ್ದು ಕೊನೆಗೆ.

ನನ್ನ ತಮ್ಮ ಸುಧಾಕರ ಅಪ್ಪನ ಸೌಟು ಹಿಡಿದವನು. ನಾನು ಮದುವೆಯಾಗಿ, ಗಂಡನ ಅಕ್ಕ ಇಲ್ಲಿ ನರ್ಸ್ ಆಗಿದ್ದುದರಿಂದ, ಹನ್ನೆರಡು ವರ್ಷ ಕಾಗದಪತ್ರ ಕಾದು ಅಮೆರಿಕದ ಜಾರ್ಜಿಯಕ್ಕೆ ಬಂದೆ. ಗಂಡನಿಗೆ ಗೋಡೌನಿನಲ್ಲಿ ಕೆಲಸ, ನನಗೆ ಮನೆಯಿಂದಲೇ ಅಡಿಗೆಯ ಆರ್ಡರು. ಸುಧಾಕರ ಕೆರಿಬಿಯನ್ ಕಡಲಿನ ಒಂದು ದ್ವೀಪಕ್ಕೆ, ಕಡಲ ದಂಡೆಯ ಹೋಟೆಲಿನ ಅಡಿಗೆಮನೆಗೆ ಹೋದ. ದ್ವೀಪದ ಹೆಸರು ಬರೆಯುವುದಿಲ್ಲ. ಅವನಿನ್ನೂ ಅಲ್ಲೇ ಅನ್ನ ಉಣ್ಣುತ್ತಿದ್ದಾನೆ.

ಇಲ್ಲಿ ಆರ್ಡರಿನ ಅಡಿಗೆ ಕೊಡಲು ಹೋದಾಗ ಜನ ಪ್ರೀತಿಯಿಂದಲೇ ಕೇಳುತ್ತಿದ್ದರು. "ಆಂಟಿ, ನಿಮ್ಮ ಬ್ರದರ್ ಏನ್ ಮಾಡ್ತಾರೆ?" ಅವರ ಅಡಿಗೆಮನೆ ನಮ್ಮ ಇಡೀ ಮನೆಯಷ್ಟಿರುತ್ತಿತ್ತು. ಒಬ್ಬರ ಅಣ್ಣ ಡೈರೆಕ್ಟರು, ಇನ್ನೊಬ್ಬರ ತಮ್ಮ ಡಾಕ್ಟರು. ಮೊದಲ ಸಲ ಕೇಳಿದಾಗಲೇ ನನ್ನ ಬಾಯಿಯಿಂದ "ಹೋಟೆಲ್ ಮ್ಯಾನೇಜರ್" ಎಂದು ಬಂತು. ಆಮೇಲೆ ಅದನ್ನು ಎಲ್ಲ ಮನೆಗಳಲ್ಲೂ ಹೇಳಬೇಕಾಯಿತು.

ಕೊರೋನಾ ಮುಗಿದು ಜನ ಮತ್ತೆ ಪ್ರವಾಸಕ್ಕೆ ಹೊರಟಿದ್ದ ಕಾಲ. ಆ ದ್ವೀಪದ ಹೋಟೆಲು ತುಂಬಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಲ್ಲಿ ಮಳೆ ಸುರಿಯಿತು. ಗಾಳಿಯಿಲ್ಲ, ಬಿರುಗಾಳಿಯ ಮುನ್ಸೂಚನೆಯೂ ಇಲ್ಲ, ಬರೀ ಮಳೆ. ನಮ್ಮ ಕಡೆಯವರಿಗೆ ಮಳೆ ಹೊಸತಲ್ಲ. ಆದರೆ ಅಲ್ಲಿ ಹೋಟೆಲಿನ ಹಿಂದಿನ ಗುಡ್ಡವನ್ನು ಬಂಗಲೆಗಳಿಗಾಗಿ ಬೋಳಿಸಿದ್ದರು. ಕೆಲಸದವರ ಕೋಣೆಗಳಿದ್ದದ್ದು ಗುಡ್ಡದ ಬುಡದಲ್ಲಿ, ಮಳೆನೀರು ಹರಿಯುವ ತೋಡಿನ ಬದಿಯಲ್ಲಿ. ಸುಧಾಕರ ತಿಂಡಿಗೆ ದೋಸೆಯಂಥದ್ದೇನನ್ನೋ ಹುಯ್ಯುತ್ತಿದ್ದಾಗ ತೋಡು ಉಕ್ಕಿತು. ಒಂದು ಗಂಟೆಯೊಳಗೆ ಕೆಂಪು ನೀರು ಅಡಿಗೆಮನೆಯ ಕಟ್ಟೆಯವರೆಗೆ ಬಂತಂತೆ. ಅತಿಥಿಗಳನ್ನು ಮೇಲಿನ ಮಹಡಿಗೆ ಕರೆದೊಯ್ದು ಹಣ್ಣಿನ ರಸ ಕೊಟ್ಟರು. ಕೆಲಸದವರಿಗೆ ಮೊದಲು ಅತಿಥಿಗಳ ಹಾಸಿಗೆ ಹೊತ್ತು ಮೇಲೆ ಸಾಗಿಸಲು ಹೇಳಿದರು. ಹಾಸಿಗೆಗಳು ಉಳಿದವು. ಕೆಲಸದವರ ಕೋಣೆಗಳು ಉಳಿಯಲಿಲ್ಲ.

ಇದನ್ನು ಪ್ರಕೃತಿಯ ಮುನಿಸು ಎಂದು ಹೇಳುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಳೆ ಸುರಿಸಿದ್ದು ಪ್ರಕೃತಿ. ಗುಡ್ಡ ಕಡಿದವರು ಯಾರು? ತೋಡಿನ ಬಾಯಿಗೆ ಹಾಸಿಗೆ ಹಾಕಿ ಮಲಗಿಸಿದವರು ಯಾರು?

ಮೂರನೆಯ ದಿನ ಸುಧಾಕರನ ಫೋನ್ ಬಂತು. ಬೇರೆ ಯಾರದೋ ಫೋನು, ಹೆಚ್ಚು ಹೊತ್ತು ಮಾತಾಡುವ ಹಾಗಿರಲಿಲ್ಲ.

"ಅಕ್ಕ, ಪೆನ್ನು ತಕ್ಕೊ. ಬರಿ."

"ನೀನು ಹೇಗಿದ್ದಿ, ಅದು ಹೇಳು ಮೊದಲು."

"ಸತ್ತಿಲ್ಲ, ಹಾಗಾಗಿ ಮಾತಾಡುದು. ಬರಿ ಮಾರಾಯ್ತಿ, ಬ್ಯಾಟರಿ ಹೋಗ್ತದೆ."

ಅಪ್ಪನ ಹಾಗೆಯೇ ಅವನು ಹೇಳುತ್ತಾ ಹೋದ. ಎಷ್ಟು ಜನಕ್ಕೆ ಎಂದು ಮೊದಲು, ಆಮೇಲೆ ಒಂದೊಂದೇ ಸಾಮಾನು. ಅಡಿಗೆಯ ಪಟ್ಟಿ ಬರೆದ ಕೈ ನನ್ನದು, ಅದು ತಾನಾಗಿಯೇ ಬರೆಯಿತು. ಕೊನೆಯ ಸಾಲು ಬಂದಾಗ ಅವನು ನಕ್ಕ. "ಅಡಿಗೆಯವನಿಗೆ ಎಲೆ ಅಡಿಕೆ ಬೇಡ. ಗಂಬೂಟು. ಒಂಬತ್ತು ನಂಬರ್. ಚಪ್ಪಲಿಯಲ್ಲಿ ಈ ಕೆಸರು ತೆಗಿಲಿಕ್ಕೆ ಆಗುದಿಲ್ಲ. ಇಲ್ಲಿ ಅಂಗಡಿ ಎಲ್ಲ ತೊಳ್ಕೊಂಡು ಹೋಗಿದೆ. ಎಲ್ಲಿ ನೋಡಿದ್ರೂ ಇಲಿ. ದೊಡ್ಡಪ್ಪ ಹೋದದ್ದು ನೆನಪುಂಟಲ್ಲ?"

ನೆನಪಿಲ್ಲದೆ ಉಂಟೇ? ಗದ್ದೆಯ ಕೆಸರಿನಲ್ಲಿ ಕಾಲಿನ ಗಾಯದ ಮೂಲಕ ಇಲಿ ಜ್ವರ ಹತ್ತಿ ದೊಡ್ಡಪ್ಪ ಎಂಟೇ ದಿನಕ್ಕೆ ಹೋದದ್ದು. ಕೊನೆಗೆ ಅವರ ಕಣ್ಣುಗಳು ಕುಂಕುಮದ ಹಾಗಿದ್ದವು. ಆದುದರಿಂದ ಇಲಿ ಜ್ವರ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಈ ಬರಹದಲ್ಲಿ ನನಗೆ ಆ ಒಂದು ಬಾಗಿಲು ಮುಚ್ಚಿದೆ.

ಆ ಸಂಜೆಯೇ ಹೋಗಿ ಗಂಬೂಟು ತಂದೆ. ಕೊರಿಯರಿನವರು ಆ ದ್ವೀಪಕ್ಕೆ ಸದ್ಯ ಏನೂ ಹೋಗುವುದಿಲ್ಲ ಎಂದರು. ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಪಕ್ಕದ ಮನೆಯ ಮಿಸ್ ಪರ್ಲ್ ಕಂಡರು. ಆಕೆ ಶಾಲೆಯ ಬಸ್ಸು ಓಡಿಸುವವರು. ಹುಟ್ಟಿದ್ದು ಅದೇ ದ್ವೀಪದಲ್ಲಿ, ತಂಗಿ ಈಗಲೂ ಅಲ್ಲಿದ್ದಾರೆ. ಗ್ಯಾರೇಜಿನ ಬಾಗಿಲು ತೆರೆದುಕೊಂಡು ದೊಡ್ಡದೊಂದು ನೀಲಿ ಬ್ಯಾರೆಲ್ ತುಂಬುತ್ತಿದ್ದರು. ಆ ದ್ವೀಪಗಳವರೆಲ್ಲ ಹೀಗೆಯೇ, ಊರಿಗೆ ಬ್ಯಾರೆಲ್ ಕಳಿಸುವುದೆಂದರೆ ಅವರಿಗೆ ಕೈ ಪಳಗಿದ ಕೆಲಸ. ಅಡಿಯಲ್ಲಿ ಅಕ್ಕಿ, ಮೇಲೆ ಬ್ಲೀಚಿನ ಬಾಟಲಿಗಳು, ಸಂದುಗಳಲ್ಲಿ ಸೋಪು, ಟಾರ್ಚು, ಕೈಗವಸು. ಒಂದು ಬೆರಳು ತೂರಿಸುವಷ್ಟು ಜಾಗವನ್ನೂ ಬಿಟ್ಟಿರಲಿಲ್ಲ. ಊರಿಗೆ ಫೋನ್ ಮಾಡಿ ಕೇಳಿಯೇ ತುಂಬುತ್ತಿದ್ದರು. ಅಪ್ಪ ಕಂಡಿದ್ದರೆ ಮೆಚ್ಚುತ್ತಿದ್ದರು.

ಆಕೆ ನನ್ನ ಕೈಯಲ್ಲಿದ್ದ ಬೂಟು ನೋಡಿದರು. "ತಮ್ಮನಿಗಾ? ಕೊಡು, ಮೇಲೆ ತುರುಕುತ್ತೇನೆ. ಶುಕ್ರವಾರ ಲಾರಿ ಬರುತ್ತದೆ, ಫ್ಲೋರಿಡಾದಿಂದ ಚಿಕ್ಕ ಹಡಗು. ನನ್ನ ತಂಗಿ ನಡೆದೇ ಹೋಗಿ ಅವನ ಕೈಗೆ ಕೊಡುತ್ತಾಳೆ."

ನಾನು ನನ್ನ ಹರಕು ಇಂಗ್ಲಿಷಿನಲ್ಲಿ, "ಥ್ಯಾಂಕ್ಯೂ, ಬೇಡ. ನಮ್ಮ ಜನ ದೊಡ್ಡ ಕಂಟೇನರ್ ಕಳಿಸ್ತಾ ಇದ್ದಾರೆ" ಎಂದೆ. ಬಳಗದ ವಾಟ್ಸ್ಆ್ಯಪ್ಪಿನಲ್ಲಿ ಆ ಮಾತು ಆಗಷ್ಟೇ ಎದ್ದಿತ್ತು. ಬಸ್ ಓಡಿಸುವ ಹೆಂಗಸಿನ ಬ್ಯಾರೆಲ್ಲಿಗಿಂತ ನಮ್ಮವರ ಕಂಟೇನರ್ ದೊಡ್ಡದು ಎಂಬ ಜಂಬ ನನಗೆ. ನಾನಾದರೂ ಯಾರು? ಗ್ಯಾರೇಜಿನ ಬಾಗಿಲಿನಿಂದ ಸಾರು ಕೊಟ್ಟು ಬರುವವಳು.

ಮಿಸ್ ಪರ್ಲ್ ನನ್ನ ಮುಖ ನೋಡಿ ಹೇಳಿದರು: "ಕಂಟೇನರ್ ತುಂಬಲು ದಿನ ಹಿಡಿಯುತ್ತದೆ ಹನಿ. ಕಾಲು ಈಗಲೇ ಕೆಸರಿನಲ್ಲಿದೆ."

ಶನಿವಾರ ಮಧ್ಯಾಹ್ನ ಬಳಗದ ಸಭೆ. ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ನನ್ನದೇ. ಪಟ್ಟಿ ನನ್ನ ಚೀಲದಲ್ಲಿತ್ತು, ಬೂಟು ಕಾರಿನಲ್ಲಿತ್ತು. ರೋಹಿಣಿ ಲ್ಯಾಪ್‌ಟಾಪ್ ತೆರೆದು, "ಬಟ್ಟೆ, ಬ್ಲ್ಯಾಂಕೆಟ್, ಕ್ಯಾನ್ಡ್ ಫುಡ್. ಪಕ್ಕದ ಸ್ಟೇಟಿನ ಮಾರಿಸ್‌ವಿಲ್ ಫ್ರೆಂಡ್ಸೂ ವ್ಯಾನ್ ತುಂಬ್ಕೊಂಡು ಬರ್ತಿದಾರೆ" ಎಂದರು.

"ಅಲ್ಲಿ ಚಳಿ ಇರುತ್ತಾ?" ಎಂದು ಒಬ್ಬರು ಕೇಳಿದರು.

"ಅಷ್ಟು ಮಳೆ ಅಂದ್ಮೇಲೆ ಚಳಿ ಇದ್ದೇ ಇರುತ್ತೆ ಕಣ್ರೀ."

"ಸರಿ ಹಾಗಾದ್ರೆ, ನಮ್ಮ ಕ್ಲಾಸೆಟ್ ಕ್ಲೀನ್ ಮಾಡಕ್ಕೆ ಒಂದು ರೀಸನ್ ಸಿಕ್ತು." ಎಲ್ಲರೂ ನಕ್ಕರು.

ಆಗ ರೋಹಿಣಿ ನನ್ನ ಕಡೆ ತಿರುಗಿದರು. "ಆಂಟಿ, ನಿಮ್ಮ ಬ್ರದರ್ ಅದೇ ಐಲ್ಯಾಂಡಲ್ಲಿ ಮ್ಯಾನೇಜರ್ ಅಲ್ವಾ? ಕೇಳಿದ್ರಾ, ಏನ್ ಬೇಕಂತೆ ಅಲ್ಲಿ?"

ಇಡೀ ಕೋಣೆ ನನ್ನನ್ನು ನೋಡಿತು. ಚೀಲದ ಜಿಪ್ ಎಳೆದರೆ ಸಾಕು. ಆದರೆ ಕಾಗದದ ಕೊನೆಯಲ್ಲಿ "ಅಡಿಗೆಯವನಿಗೆ" ಎಂದಿತ್ತು. ಮ್ಯಾನೇಜರ್ ಯಾಕೆ ಕೆಸರು ಎತ್ತುತ್ತಾನೆ ಎಂದು ಯಾರಾದರೂ ಕೇಳಿದರೆ? ಕೊನೆಯ ಸಾಲನ್ನು ಬಿಟ್ಟು ಉಳಿದದ್ದನ್ನಾದರೂ ಓದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ಮೂರು ವರ್ಷ ನಾನೂ ಅದನ್ನೇ ಕೇಳಿಕೊಂಡಿದ್ದೇನೆ. ಆ ಹೊತ್ತಿಗೆ ನನಗೆ ಹೊಳೆದದ್ದು ನನ್ನ ಮಾನ ಒಂದೇ.

"ಅವರಿಗೇನೂ ತೊಂದರೆ ಇಲ್ಲ. ಏನು ಕೊಟ್ಟರೂ ಆಗ್ತದಂತೆ" ಎಂದೆ.

ಏನು ಕೊಟ್ಟರೂ ಆಗುತ್ತದೆ! ಅಪ್ಪನ ಮಗಳು ಹೇಳುವ ಮಾತೇ ಅದು?

ಮುಂದಿನ ಎರಡು ವಾರ ಸಭೆ ಸೇರಿದ್ದ ಹಾಲ್‌ನಲ್ಲಿ ಬಂದು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಉಣ್ಣೆಯ ಕೋಟುಗಳು. ಹಿಮದಲ್ಲಿ ಜಾರಲು ಹೋಗುವವರ ದಪ್ಪ ಜಾಕೆಟ್ಟುಗಳು. ಜರಿ ಹರಿದ ರೇಷ್ಮೆ ಸೀರೆ. ಎತ್ತರದ ಹಿಮ್ಮಡಿಯ ಚಪ್ಪಲಿ, ಅದೂ ಒಂದೇ ಕಾಲಿನದು. ಗಣೇಶನ ಹಬ್ಬಕ್ಕೆ ಮಾಡಿದ ಥರ್ಮಕೋಲಿನ ಮಂಟಪ. ವಾಯಿದೆ ಮುಗಿದ ಬೀನ್ಸಿನ ಡಬ್ಬಿಗಳು. ಮಾರಿಸ್‌ವಿಲ್ಲಿನ ವ್ಯಾನಿನಿಂದ ಇಳಿದ ಒಂದು ಪೆಟ್ಟಿಗೆಯ ತುಂಬ ಪದವಿ ಸಮಾರಂಭದ ಕಪ್ಪು ನಿಲುವಂಗಿಗಳು. ಇವರೆಲ್ಲ ಕೆಟ್ಟವರಲ್ಲ. ಭಾನುವಾರದ ಕ್ರಿಕೆಟ್ಟಿಗೆ ಮೊದಲು ಗಂಟೆ ಗಂಟೆಯ ಹವಾಮಾನವನ್ನು ಫೋನಿನಲ್ಲಿ ನೋಡುವ ಜನ. ಆ ದ್ವೀಪದಲ್ಲಿ ಸೆಖೆ ಎಷ್ಟಿದೆ ಎಂದು ಅದೇ ಫೋನನ್ನು ಕೇಳಲು ಒಬ್ಬರಿಗೂ ತೋಚಲಿಲ್ಲ. ರಜೆಗೆಂದು ಅಂಥ ದ್ವೀಪಕ್ಕೆ ಹೋಗುವಾಗ ಚಡ್ಡಿ, ತೆಳು ಅಂಗಿ ತುಂಬಿಕೊಳ್ಳುವವರಿಗೆ, ಅಲ್ಲಿಯ ಬಡವರಿಗೆ ಕೊಡುವಾಗ ಮಾತ್ರ ಉಣ್ಣೆಯ ಕೋಟು ಹೇಗೆ ನೆನಪಾಯಿತು? ಬಡವನ ಮೈಗೆ ಬೇರೆ ಹವೆ ಇರುತ್ತದೆಯೇ? ಇದನ್ನು ಓದುವಾಗ ನಿಮಗೆ ಸಿಟ್ಟು ಬಂದರೆ ಬರಲಿ. ನಾನು ಆ ಕೋಟುಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬಿದವಳು, ನನ್ನ ಮೇಲೆ ನನಗೆ ಅದಕ್ಕಿಂತ ಹೆಚ್ಚು ಇದೆ. ಬೂಟನ್ನು ಒಂದು ಪೆಟ್ಟಿಗೆಯಲ್ಲಿ ಹಾಕೋಣವೆಂದು ಎರಡು ಸಲ ಕಾರಿನವರೆಗೆ ಹೋಗಿ ಬರಿಗೈಯಲ್ಲಿ ಬಂದೆ. ಅದರ ಮೇಲೆ ಹೆಸರು ಬರೆಯಬೇಕಲ್ಲ.

ಮಿಸ್ ಪರ್ಲ್ ಅವರ ಬ್ಯಾರೆಲ್ ಎರಡೇ ವಾರದಲ್ಲಿ ತಂಗಿಯ ಮನೆ ಸೇರಿತು. ನಮ್ಮ ಕಂಟೇನರ್ ಆರನೆಯ ವಾರದಲ್ಲಿ. ಅಷ್ಟರಲ್ಲಿ ಅಲ್ಲಿ ಇನ್ನೊಂದು ಮಳೆ ಸುರಿದು, ತೆಗೆದ ಕೆಸರೆಲ್ಲ ಮತ್ತೆ ಬಂದಿತ್ತು. ಪೆಟ್ಟಿಗೆಗಳ ಮೇಲೆ ನಾವು ಕನ್ನಡದಲ್ಲಿ ಬರೆದಿದ್ದೆವು. ಅದನ್ನು ಓದಬಲ್ಲವನು ಅಲ್ಲಿ ಸುಧಾಕರ ಒಬ್ಬನೇ ಆದ್ದರಿಂದ ಹೋಟೆಲಿನವರು ಅವನನ್ನೇ ಇಳಿಸಲು ಕಳಿಸಿದರು. ಎರಡು ದಿನ ಮೊಣಕಾಲುದ್ದದ ಕೆಸರಿನಲ್ಲಿ, ಬಾರು ಕಿತ್ತ ಚಪ್ಪಲಿಯಲ್ಲಿ ನಿಂತು, ಅವನು ನಮ್ಮ ಕೋಟುಗಳನ್ನು ಇಳಿಸಿದ.

"ಅಕ್ಕ, ನಿಮ್ಮವರಿಗೆ ಓದ್ಲಿಕ್ಕೆ ಬರುದಿಲ್ವಾ? ಪಟ್ಟಿ ಕೊಟ್ಟಿದ್ದಿಯಲ್ಲ ನೀನು?"

"ಕೊಟ್ಟಿದ್ದೆ" ಎಂದೆ. "ಕೇಳ್ಬೇಕಲ್ಲ ಅವರು."

ಹಾಗೆ ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಅದಕ್ಕೂ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

ವಾರ ಕಳೆದ ಮೇಲೆ ಅವನೊಂದು ಫೋಟೋ ಕಳಿಸಿದ. ಎದೆಯ ಮೇಲೆ ಹಿಮದಲ್ಲಿ ಜಾರುವ ಮನುಷ್ಯನ ಚಿತ್ರವಿದ್ದ ಜಾಕೆಟ್ ತೊಟ್ಟು, ಹಿಂದೆ ತೆಂಗಿನ ಮರ, ನಗುತ್ತಾ ನಿಂತಿದ್ದ. ಕೆಳಗೆ ಬರೆದಿದ್ದ: "ಸ್ವಲ್ಪ ಜ್ವರ, ನಡುಕ. ನಿಮ್ಮ ಬಳಗದ ಜಾಕೆಟ್ ಬೆಚ್ಚಗುಂಟು ಮಾರಾಯ್ತಿ." ಮಳೆಗೆ ನೆನೆದದ್ದರ ಜ್ವರವೆಂದು ನನ್ನನ್ನೇ ನಂಬಿಸಿಕೊಂಡೆ. ಅದೇ ಮಧ್ಯಾಹ್ನ ರೋಹಿಣಿ, "ಆಂಟಿ, ಡಿಸ್ಟ್ರಿಬ್ಯೂಷನ್ ಫೋಟೋ ಏನಾದ್ರೂ ಸಿಗುತ್ತಾ?" ಎಂದು ಕೇಳಿದರು. ನಾನು ಆ ಫೋಟೋ ಕಳಿಸಿ, ಕೆಳಗೆ "ಅಲ್ಲಿಯ ಒಬ್ಬ ಕೆಲಸದವನು" ಎಂದು ಬರೆದೆ.

ರಾಜ್ಯೋತ್ಸವದ ದಿನ ನೆನಪಿದೆಯೇ ನಿಮಗೆ? ವಾಷಿಂಗ್ಟನ್ನಿನಿಂದ ಅತಿಥಿ ಬಂದಿದ್ದರು, ದೇಶದೇಶಗಳಿಗೆ ಸಾಲ ಕೊಡುವ ದೊಡ್ಡ ಕಚೇರಿಯಲ್ಲಿದ್ದ ನಮ್ಮ ಕನ್ನಡಿಗರೇ. ದ್ವೀಪಗಳ ಜನ ಬಹಳ ಗಟ್ಟಿ, ಎಷ್ಟು ಸಲ ಬಿದ್ದರೂ ಏಳುತ್ತಾರೆ ಎಂದು ಭಾಷಣ ಮಾಡಿದರು. ಬೀಳಿಸುವವರ ಬಗ್ಗೆ ಒಂದು ಮಾತಿಲ್ಲ. ಆಮೇಲೆ ದೊಡ್ಡ ಪರದೆಯ ಮೇಲೆ ನನ್ನ ತಮ್ಮನ ಫೋಟೋ ಬಂತು. "ನಮ್ಮ ಜಾಕೆಟ್ ತಲುಪಿದೆ ನೋಡಿ! ಆ ಸ್ಮೈಲ್ ನೋಡಿ!" ಎಂದರು ಬಳಗದವರೊಬ್ಬರು ಮೈಕಿನಲ್ಲಿ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದಿರಿ. ನಾನು ಹಿಂದಿನ ಮೇಜಿನಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಫೋನಿನ ಚಿಕ್ಕ ಚಿತ್ರದಲ್ಲಿ ಕಾಣದ್ದು ಪರದೆಯ ಮೇಲೆ ಕಂಡಿತು. ಅವನ ಕಣ್ಣುಗಳು ಕುಂಕುಮದ ಹಾಗೆ ಕೆಂಪಾಗಿದ್ದವು. ದೊಡ್ಡಪ್ಪನ ಕಣ್ಣುಗಳು. ಆ ಹೊತ್ತಿಗೆ ಸುಧಾಕರ ಆಸ್ಪತ್ರೆಯಲ್ಲಿ, ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಮೈಯೊಡ್ಡಿ ನಾಲ್ಕು ದಿನವಾಗಿತ್ತು. ಆ ಸುದ್ದಿಯೂ ನನಗೆ ಬಂದಿತ್ತು. ಅದು ನನ್ನ ತಮ್ಮ ಎಂದು ನಾನು ಕೂಗಲಿಲ್ಲ. ಸಾಲು ಬಂತು, ಬಡಿಸಿದೆ.

ಅವನು ಉಳಿದ. ಉಳಿದ ಎಂದರೆ, ಜೀವ ಉಳಿಯಿತು. ಕಿಡ್ನಿಗಳು ಪೂರ್ತಿ ಸುಧಾರಿಸಲಿಲ್ಲ. ಒಲೆಯ ಮುಂದೆ ಅರ್ಧ ಗಂಟೆ ನಿಲ್ಲಲಾರ. ಐನೂರು ಎಲೆಯ ಅಡಿಗೆ ಒಬ್ಬನೇ ನಿಭಾಯಿಸುತ್ತಿದ್ದ ಕೈ, ಈಗ ಉಗ್ರಾಣದಲ್ಲಿ ಕುರ್ಚಿ ಹಾಕಿ ಕೂತು ಬೇರೆಯವರಿಗೆ ಸಾಮಾನಿನ ಪಟ್ಟಿ ಬರೆದುಕೊಡುತ್ತದೆ. ಹೋಟೆಲಿನವರು ಬಂಗಲೆಗಳನ್ನು ರಿಪೇರಿ ಮಾಡಿ ಜಾಹೀರಾತು ಕೊಟ್ಟಿದ್ದಾರೆ. ಕೆಲಸದವರ ಕೋಣೆಗಳನ್ನು ಅದೇ ತೋಡಿನ ಬದಿಯಲ್ಲಿ ಮತ್ತೆ ಕಟ್ಟಿದ್ದಾರೆ.

ಹಾರ್ಡ್‌ವೇರ್ ಅಂಗಡಿಯಿಂದ ಓಡಿ ಬಂದ ಆ ವಾರ, ರೋಹಿಣಿ ರೆಸಿಪಿ ಕೇಳಿದ ಮರುದಿನ, ಸುಧಾಕರನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮ್ಯಾನೇಜರ್ ಎಂದದ್ದು, ಬ್ಯಾರೆಲ್ ಬೇಡ ಎಂದದ್ದು, ಪಟ್ಟಿ ಓದದ್ದು, ಕೆಲಸದವನು ಎಂದು ಬರೆದದ್ದು.

"ಮೂರು ವರ್ಷ ನಾನು ಅವರಿಗೆ ಬೈದದ್ದು" ಎಂದ. "ಬೈಗುಳ ಎಲ್ಲ ನಿನ್ನದಾ ಹಾಗಾದ್ರೆ?"

"ನನ್ನದೇ."

ಆಮೇಲೆ, "ಬೂಟು ಎಷ್ಟು ನಂಬರ್ ತಂದದ್ದು?"

"ಒಂಬತ್ತು."

"ನಂಬರ್ ಸರಿ ಉಂಟು. ಪಟ್ಟಿ ಉಂಟಾ, ಬಿಸಾಡಿದ್ದಿಯಾ?"

"ಉಂಟು."

"ಓದು."

"ನಿನಗೆ ಗೊತ್ತುಂಟಲ್ಲ."

"ನನಗಲ್ಲ. ಅವರಿಗೆ ಓದು. ಮಳೆಗಾಲ ಮತ್ತೆ ಬರ್ಲಿಕ್ಕುಂಟು ಇಲ್ಲಿ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೂಟು ಕಳೆದ ಶುಕ್ರವಾರ ಮಿಸ್ ಪರ್ಲ್ ಅವರ ಬ್ಯಾರೆಲ್ಲಿನಲ್ಲಿ, ಅಕ್ಕಿಯ ಮೇಲೆ, ಸೋಪಿನ ಪಕ್ಕದಲ್ಲಿ ಹೋಯಿತು. ಈಗ ತಮ್ಮನ ಜಾಗದಲ್ಲಿ ಕೆಸರಿಗಿಳಿಯುವ ಇನ್ನೊಬ್ಬನ ಕಾಲಿಗೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಸುಧಾಕರ, ಅಡಿಗೆಮನೆ.

ರೋಹಿಣಿ, ನೀವು ಅಂದು ಕೇಳಿದಿರಿ, ಅಲ್ಲಿ ಏನು ಬೇಕಂತೆ ಎಂದು. ಉತ್ತರ ಇಲ್ಲಿದೆ. ಅವನು ಹೇಳಿದ ಹಾಗೆಯೇ, ನಾನು ಬರೆದುಕೊಂಡ ಹಾಗೆಯೇ.

ಅರವತ್ತು ಜನಕ್ಕೆ.
ಟಾರ್ಪಾಲು, ದೊಡ್ಡದು, ಹತ್ತು.
ಸಲಿಕೆ, ಇಪ್ಪತ್ತು. ಹಿಡಿ ಗಟ್ಟಿ ಇರಲಿ.
ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ, ಸಿಕ್ಕಿದಷ್ಟು.
ಬ್ಲೀಚು.
ಮುಚ್ಚಳ ಇರುವ ಬಕೆಟ್, ನಲವತ್ತು.
ರಬ್ಬರಿನ ಕೈಗವಸು.
ಹೆಂಗಸರಿಗೆ ಬೇಕಾದ ಪ್ಯಾಡು. ಅವರು ಕೇಳುವುದಿಲ್ಲ, ನಾವೇ ತರಬೇಕು.
ಗಾಯಕ್ಕೆ ಮುಲಾಮು, ಬಟ್ಟೆ.
ಗಂಬೂಟು, ಎಲ್ಲ ನಂಬರಿನದು.
ಹಳೆ ಬಟ್ಟೆ ಬೇಡ.
ಅಡಿಗೆಯವನಿಗೆ: ಗಂಬೂಟು, ಒಂಬತ್ತು ನಂಬರ್, ಒಂದು ಜೊತೆ.